ಕೊನೆಗೆ ಮಾತನಾಡಬೇಕಾದ ಹಾಸಿಗೆ

ಹಾಸಿಗೆಗಳು ಮಾತು ಕಲಿತ ಮೇಲೆ ವೈದ್ಯರು ಮಾತು ಮರೆತರು.

ಇದು ಒಂದೇ ದಿನದಲ್ಲಿ ನಡೆದುಹೋದದ್ದಲ್ಲ. ಮೊದಲು ರೋಗಿಯ ಬೆನ್ನಡಿಯ ಹಾಸು ಎದೆಬಡಿತವನ್ನು ಆಲಿಸಲು ಕಲಿಯಿತು. ಅನಂತರ ಶ್ವಾಸಕೋಶದ ಗೊರಗೊರ, ಕರುಳಿನ ಗುಡುಗುಡು, ಬೆವರಿನ ಉಪ್ಪು, ಉಸಿರಿನ ವಾಸನೆ, ಒಂದೊಂದೂ ಅದಕ್ಕೆ ಅಕ್ಷರವಾಯಿತು. ಕೊನೆಗೊಂದು ಬೆಳಿಗ್ಗೆ ತಲೆದಿಂಬಿನ ಹಿಂದಿನ ಹಲಗೆಯೊಳಗಿಂದ, ಯಾವ ಊರಿನದೂ ಅಲ್ಲದ ಶುದ್ಧ ಕನ್ನಡದಲ್ಲಿ, ರೋಗದ ಹೆಸರು ಹೊರಬಿತ್ತು. ಸರಕಾರದ ಕಾಗದಪತ್ರಗಳಲ್ಲಿ ಆ ಯಂತ್ರದ ಹೆಸರು 'ವಿವೇಚಕ'. ಜನರು ಅದನ್ನು 'ಹೇಳೋ ಹಾಸಿಗಿ' ಎಂದು ಕರೆದರು. ಕೆಲವೇ ವರ್ಷಗಳಲ್ಲಿ ಹುಬ್ಬಳ್ಳಿಯ ಅಂಗಡಿಗಳಿಗೆ ಅದರ ಮರಿಗಳಾದ ಚಾಪೆಗಳೂ ಬಂದವು. ಕನ್ಯೆ ನೋಡಲು ಬಂದ ಬೀಗರು ಹುಡುಗಿಗೆ ಹಾಡು ಹೇಳೆನ್ನುವ ಬದಲು ಚಾಪೆಯ ಮೇಲೆ ಸ್ವಲ್ಪ ಹೊತ್ತು ಅಡ್ಡಾಗಲು ಹೇಳತೊಡಗಿದರು.

ಬೆಣ್ಣಿಹಳ್ಳದ ದಂಡೆಯ ಬೋಧನಾ ಆಸ್ಪತ್ರೆಯಲ್ಲಿ ಒಂದು ವಾರ್ಡು ಮಾತ್ರ ಹಟಮಾರಿಯಾಗಿ ಉಳಿದಿತ್ತು. ಅದು ಮೆಡಿಸಿನ್ ವಿಭಾಗದ ಮೂರನೇ ಯೂನಿಟ್ಟು. ಅದರ ಮುಖ್ಯಸ್ಥೆ ಪ್ರಾಧ್ಯಾಪಕಿ ಡಾಕ್ಟರ್ ಶಾಂಭವಿ ಯರಗಟ್ಟಿ. ಜೊತೆಗೆ ಓದಿದವರೆಲ್ಲ ಹೃದಯವನ್ನೋ ಮೂತ್ರಪಿಂಡವನ್ನೋ ಹಂಚಿಕೊಂಡು ಸ್ವಂತ ನರ್ಸಿಂಗ್ ಹೋಮ್ ಕಟ್ಟಿಕೊಂಡಾಗ, ಇಡೀ ಮನುಷ್ಯನೇ ತನಗೆ ಬೇಕೆಂದು ವಾರ್ಡಿನಲ್ಲೇ ಉಳಿದವಳು ಆಕೆ. ದಾಖಲಾದ ರೋಗಿ ಮನೆಗೆ ನಡೆದು ಹೋಗುವವರೆಗೆ ನೋಡುವುದು, ನೋಡುತ್ತ ನೋಡುತ್ತ ಕಲಿಸುವುದು, ಇಷ್ಟರಲ್ಲೇ ಆಕೆಯ ಕೂದಲು ನರೆತಿತ್ತು.

ಆ ಯೂನಿಟ್ಟಿಗೆ ಹಳೆಯದೊಂದು ಸಂಪ್ರದಾಯವಿತ್ತು. ರೋಗಿಯ ಮಂಚದ ಬಳಿ ಎಲ್ಲರಿಗಿಂತ ಕಿರಿಯರು ಮೊದಲು ಮಾತನಾಡಬೇಕು, ಎಲ್ಲರಿಗಿಂತ ಹಿರಿಯರು ಕೊನೆಗೆ. ಹಿರಿಯರು ಮೊದಲೇ ಬಾಯಿ ತೆರೆದರೆ ಕಿರಿಯರ ಕಿವಿ ತೆರೆಯುತ್ತದೆ, ಕಣ್ಣು ಮುಚ್ಚುತ್ತದೆ ಎಂಬುದು ಅಲ್ಲಿಯ ನಂಬಿಕೆ. ಹಾಸಿಗೆಗೆ ಇದು ತಿಳಿಯದು. ವೈದ್ಯರ ಹೆಜ್ಜೆಯ ಸಪ್ಪಳ ಕೇಳಿದೊಡನೆ ಅದು ಉತ್ತರ ಒಪ್ಪಿಸಿಬಿಡುತ್ತಿತ್ತು. ಆದರೆ ರೋಗಿಗಳ ನಿದ್ದೆ ಕೆಡಬಾರದೆಂದು ತಯಾರಕರು ಹಲಗೆಯ ಮೂಲೆಯಲ್ಲಿ ಹಾಸಿಗೆಯನ್ನು ಸುಮ್ಮನಾಗಿಸುವ, ಚಂದ್ರನ ಗುರುತಿನ ಗುಂಡಿಯೊಂದನ್ನು ಇಟ್ಟಿದ್ದರು. ಶಾಂಭವಿ ಪ್ರತಿ ಬೆಳಿಗ್ಗೆ ವಾರ್ಡಿನ ಬಾಗಿಲಲ್ಲಿ ಎಲ್ಲ ಗುಂಡಿಗಳನ್ನೂ ಒತ್ತಿಸುತ್ತಿದ್ದಳು. ಬಿಸಿಲು ಕಿಟಕಿ ತುಂಬಿರುವಾಗ ಮೂರನೇ ಯೂನಿಟ್ಟಿನಲ್ಲಿ ಚಂದ್ರರು ಮೂಡುತ್ತಿದ್ದರು.

ಆ ದಿನ ಕಿಟಕಿ ಪಕ್ಕದ ಮಂಚದಲ್ಲಿ ಶಿವಗಂಗವ್ವ ಕುಳಿತಿದ್ದಳು. ಬ್ಯಾಡಗಿ ಕಡೆಯ ಶೀತಲಗೃಹವೊಂದರಲ್ಲಿ ಒಣಮೆಣಸಿನಕಾಯಿಯ ತೊಟ್ಟು ಮುರಿಯುವುದು ಅವಳ ಕೆಲಸ. ಜ್ವರ, ಒಣಕೆಮ್ಮು, ಏದುಸಿರು. ಆಸ್ಪತ್ರೆಗೆ ಇದು ಅವಳ ಮೂರನೇ ಬರುವಿಕೆ, ಈ ಯೂನಿಟ್ಟಿಗೆ ಮೊದಲನೆಯದು.

ಇಂಟರ್ನ್ ಚಿದಂಬರ ಗಂಟಲು ಸರಿಮಾಡಿಕೊಂಡು ಹೇಳಿದ: "ಹೃದಯದ ತೊಂದರಿ ಇರಬಹುದ್ರಿ ಮೇಡಂ. ಪಂಪ್ ವೀಕ್ ಆಗೇತಿ."

"ಹೃದಯಾನ?" ಶಿವಗಂಗವ್ವ ನಕ್ಕಳು, ನಕ್ಕದ್ದಕ್ಕೆ ಕೆಮ್ಮಿದಳು. "ನನ್ನ ಗಂಡನ್ನ ಕೇಳು ತಮ್ಮಾ, ನನಗ ಹೃದಯನ ಇಲ್ಲಂತಾನ ಅಂವ."

ವಾರ್ಡೆಲ್ಲ ನಕ್ಕಿತು. ಚಿದಂಬರನೂ ನಕ್ಕ. ಕಾಲು ಬಾತಿಲ್ಲ, ಕುತ್ತಿಗೆಯ ನರ ಉಬ್ಬಿಲ್ಲ, ಮತ್ತೆ ಹೃದಯವೆಂದು ಹೇಗೆ ಹೇಳಿದೆ ಎಂದು ಶಾಂಭವಿ ಒಂದೊಂದಾಗಿ ತೋರಿಸಿದಳು. ಅವನು ಬಾಗಿ ಶಿವಗಂಗವ್ವನ ಕಣಕಾಲನ್ನು ಮತ್ತೊಮ್ಮೆ ಒತ್ತಿ ನೋಡಿದ.

ಅವನಿಗಿಂತ ಹಿರಿಯಳು ಸ್ನಾತಕೋತ್ತರ ವಿದ್ಯಾರ್ಥಿನಿ ರುಕ್ಸಾನಾ ಸವಣೂರ. ಅವಳು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿಸಿಕೊಂಡಳು. ಆಮೇಲೆ ಮಂಚದ ಅಂಚಿಗೆ ಕುಳಿತಳು.

"ಹ್ವಾದ ಸರ್ತಿ ಇಲ್ಲಿ ಬಂದಾಗ ಹ್ಯಾಂಗ ಆರಾಮ ಆತ್ರಿ ಅಕ್ಕಾರ?"

"ಎರಡ ದಿನದಾಗ ಎದ್ದ ಅಡ್ಡಾಡಿದೆ ನೋಡವಾ. ಮೊದಲನೇ ದಿನಾ ಸೂಜಿ ಹಾಕಾಕ ನರಾನ ಸಿಗಲಿಲ್ಲ ಇವರಿಗೆ. ಔಷಧ ಸುರು ಆಗೂದ್ರಾಗ ಅರ್ಧಾ ಆರಾಮಾಗಿದ್ದೆ. ದವಾಖಾನಿ ಗಾಳಿ ಹತ್ತೇತಿ ನನಗ."

"ಮನ್ಯಾಗ ಇದ್ದಾಗ?"

"ಮಗಳ ಲಗ್ನಕ್ಕ ಕೆಲಸಾ ಬಿಟ್ಟಿದ್ದೆ. ಆವಾಗ ಕೆಮ್ಮ ಹತ್ರ ಸುಳೀಲಿಲ್ಲ. ಬೀಗರ ಗದ್ಲದಾಗ ಕೆಮ್ಮಾಕರ ಪುರಸತ್ತ ಎಲ್ಲಿತ್ತು? ಮತ್ತ ಕೆಲಸಕ್ಕ ಹೋದೆ, ಸಂಜೀಕ ಜ್ವರಾ ಬಂತು."

ರುಕ್ಸಾನಾ ಎದ್ದು ನಿಂತಳು. ದನಿ ಸಣ್ಣದಾಗಿದ್ದರೂ ವಾಕ್ಯ ಮುರಿಯಲಿಲ್ಲ. "ಇದು ನ್ಯುಮೋನಿಯಾ ಅಲ್ಲ ಅನಸತೇತಿ ಮೇಡಂ. ಮೆಣಸಿನಕಾಯಿಗೆ ಹಿಡದ ಬೂಷ್ಟು ಧೂಳಿನ ಕೂಡ ಒಳಗ ಹೋಗಾಕತ್ತೇತಿ. ಶ್ವಾಸಕೋಶ ಅದರ ಮ್ಯಾಲೆ ಸಿಟ್ಟಾಗೇತಿ. ಇಲ್ಲಿ ಧೂಳಿಲ್ಲ, ಅದಕ್ಕ ಆರಾಮಾಗತಾರ."

ಶಾಂಭವಿ ಮುಖದಲ್ಲಿ ಏನನ್ನೂ ತೋರಗೊಡದೆ ಚಂದ್ರನ ಗುಂಡಿಯನ್ನು ಬಿಡಿಸಿದಳು. ಹಾಸಿಗೆ ತಕ್ಷಣ ನುಡಿಯಿತು: "ನ್ಯುಮೋನಿಯಾ, ಮರುಕಳಿಕೆ. ಖಚಿತತೆ ನೂರಕ್ಕೆ ತೊಂಬತ್ತಾರು. ಪ್ರತಿಜೀವಕ ಚುಚ್ಚುಮದ್ದನ್ನು ಆರಂಭಿಸಿ."

ರುಕ್ಸಾನಾಳ ಮುಖ ಬಿಳುಪೇರಿತು. "ಹಂಗಾರ ನಂದ ತಪ್ಪ ಮೇಡಂ."

"ಈಗ ತಾನ ಆಡಿದ್ದಿ. ಬಿಸಿ ಆರೂದ್ರಾಗ ಯಾಕ ನುಂಗಾಕತ್ತಿ?"

"ಅದು ತೊಂಬತ್ತಾರು ಅಂತೇತಲ್ರಿ."

"ನೀನು ಎಷ್ಟ ಅಂತಿ?"

ರುಕ್ಸಾನಾ ಯೋಚಿಸಿದಳು. "ಅರವತ್ತು."

"ಸಾಕು. ಅರವತ್ತಕ್ಕ ಏನ ಮಾಡಬೇಕೋ ಅದನ್ನ ಮಾಡು. ಬೂಷ್ಟಿನ ರಕ್ತಪರೀಕ್ಷೆ ಕಳಸು, ಸ್ಕ್ಯಾನ್ ಮಾಡಸು. ಆಮ್ಲಜನಕ ಛಲೋ ಐತಿ, ನಾಡಿ ಛಲೋ ಐತಿ. ಚುಚ್ಚುಮದ್ದು ತಡದು, ಕಣ್ಣಿಟ್ಟು ನೋಡೋಣ. ಉಸಿರು ಕೆಡತು ಅಂದ್ರ ಸುರು ಮಾಡೋಣ. ನಾ ಇಲ್ಲೇ ಇರ್ತೀನಿ."

ಹಾಸಿಗೆ ಮತ್ತೊಮ್ಮೆ, ಅದೇ ಶಾಂತ ಸ್ವರದಲ್ಲಿ, "ಚಿಕಿತ್ಸೆಯಲ್ಲಿ ವಿಳಂಬ. ಮೇಲಧಿಕಾರಿಗೆ ವರದಿ ಮಾಡಲಾಗಿದೆ" ಎಂದಿತು.

*

ಮೇಲಧಿಕಾರಿ ಎಂದರೆ ಡೀನ್ ಪ್ರಹ್ಲಾದ ಕಟ್ಟಿ. ಒಂದು ಕಾಲಕ್ಕೆ ಕೈಬೆರಳಿನಿಂದ, ಎಡಪಕ್ಕೆಯಡಿ ಅಡಗಿರುವ ಗುಲ್ಮದ ಅಂಚನ್ನು ಹುಡುಕುವುದರಲ್ಲಿ ಹೆಸರು ಮಾಡಿದ್ದ ವೈದ್ಯ. ಈಗ ಅವನ ಬೆರಳುಗಳಿಗೆ ಗಾಜಿನ ಪರದೆಯ ಪರಿಚಯವೇ ಹೆಚ್ಚು.

"ಶಾಂಭವಿ, ಬರ್ರಿ, ಕೂಡ್ರಿ. ಚಹಾ ತರಸ್ಲೇನು?"

"ಬೈಯಾಕ ಕರದಿದ್ರ ಚಹಾ ಬ್ಯಾಡ. ಹೊಗಳಾಕ ಕರದಿದ್ರ ಮಿರ್ಚಿ ಭಜಿನೂ ತರಸ್ರಿ."

ಕಟ್ಟಿ ನಗಲು ಯತ್ನಿಸಿ ಬಿಟ್ಟುಕೊಟ್ಟ. "ಎರಡಕ್ಕೂ ಕರದೀನಿ. ರಾಜಧಾನಿಯೊಳಗ ವಿವೇಚಕದ ವೈದ್ಯಕೀಯ ನಿರ್ದೇಶಕರ ಹುದ್ದೆ ಖಾಲಿ ಅದ. ನಿಮ್ಮ ಹೆಸರು ಹೋಗ್ಯದ. ಮೂವತ್ತು ವರ್ಷ ವಾರ್ಡಿನೊಳಗ ಸವದ್ರಿ, ಇನ್ನರ ಮ್ಯಾಲೆ ಹೋಗ್ರಿ. ಅದಕ್ಕ ಮೊದಲ ಆ ಗುಂಡಿ ಒತ್ತೂದು ಬಿಡಬೇಕು."

"ಬಿಡದಿದ್ರ?"

"ನಿಮ್ಮ ಯೂನಿಟ್ಟಿನ ಭಿನ್ನಮತ ಮಿತಿಯ ಅಂಚಿಗೆ ಬಂದು ನಿಂತದ. ಇನ್ನೊಂದು ಕೇಸಿನೊಳಗ 'ಒಪ್ಪಿಲ್ಲ' ಅಂತ ಸಹಿ ಬಿತ್ತು ಅಂದ್ರ ಬೋಧನಾ ಮಾನ್ಯತೆ ತಾನಾಗೇ ಹೋಗ್ತದ. ಹುಡುಗರನ್ನ ಬ್ಯಾರೆ ಯೂನಿಟ್ಟಿಗೆ ಹಂಚ್ತೇವಿ. ನಿಮಗ ಕಲಸಾಕ ಯಾರೂ ಉಳಿಯೂದಿಲ್ಲ."

ಶಾಂಭವಿ ಕುರ್ಚಿಯ ಹಿಂಬದಿಗೆ ಒರಗಿದಳು. "ವಿವೇಚಕಕ್ಕ ಪ್ರಾಧ್ಯಾಪಕರಿಗಿಂತ ಹಿರಿಯ ಸ್ಥಾನ ಅಂತ ನೀವ ಆದೇಶ ಹೊರಡಸೀರಿ. ನಮ್ಮ ಯೂನಿಟ್ಟಿನ್ಯಾಗ ಹಿರಿಯರು ಕೊನೀಗೆ ಮಾತಾಡ್ತಾರ. ನಾ ಅದಕ್ಕ ಮರ್ಯಾದಿನ ಕೊಡಾಕತ್ತೀನಿ."

"ಇದು ಚೇಷ್ಟಿ ಮಾಡೋ ಹೊತ್ತಲ್ಲ. ನಿಮ್ಮ ಹುಡುಗರು ನೂರರೊಳಗ ಮೂವತ್ತು ಸಲ ತಪ್ಪು ಹೇಳ್ಯಾರ. ಉಳದ ಯೂನಿಟ್ಟಿನವರು ಒಂದು ಸಲನೂ ತಪ್ಪಿಲ್ಲ."

"ಬಾಯಿ ಬಿಟ್ಟವರು ತಪ್ತಾರ. ಅವರು ಬಾಯಿನ ಬಿಟ್ಟಿಲ್ಲ," ಎಂದು ಶಾಂಭವಿ ಎದ್ದಳು. "ನಮ್ಮವರು ತಪ್ಪಿದಾಗ ಪಕ್ಕದಾಗ ನಾ ಇದ್ದೆ. ಯಾವ ರೋಗಿಗೂ ಆ ತಪ್ಪು ಮುಟ್ಟಿಲ್ಲ. ಅದನ್ನೂ ನಿಮ್ಮ ಪರದೆಯೊಳಗ ನೋಡ್ರಿ."

*

ಮನೆಯಲ್ಲಿ ಗಂಡ ಗುರುನಾಥ, ನಿವೃತ್ತ ಚಿತ್ರಕಲಾ ಶಿಕ್ಷಕ, ನಡುಮನೆಯ ಚಾಪೆಯ ಮೇಲೆ ಅಂಗಾತ ಮಲಗಿ ಛಾವಣಿಗೆ ಪ್ರಶ್ನೆ ಕೇಳುತ್ತಿದ್ದ.

"ಎರಡು ಮಿರ್ಚಿ ತಿಂದ್ರ?"

"ಒಂದು ಸೂಕ್ತ," ಎಂದಿತು ಚಾಪೆ.

"ಸಣ್ಣವು ಅದಾವ."

"ಒಂದು ಸೂಕ್ತ."

"ನನ್ನ ಮಾತಂತೂ ಮೂವತ್ತು ವರ್ಷ ಕೇಳಲಿಲ್ಲ," ಎಂದು ಶಾಂಭವಿ ಚಪ್ಪಲಿ ಕಳಚಿದಳು. "ಚಾಪಿ ಮುಂದ ಹಲ್ಲ ಗಿಂಜತೀರಿ."

"ನೀ ಬೈತಿ. ಅದು ಬೈಯೂದಿಲ್ಲ." ಅವನು ಎದ್ದು ಕುಳಿತ. ಹೆಂಡತಿಯ ಮುಖವನ್ನು ಗೆರೆ ಎಳೆಯುವವನಂತೆ ನೋಡಿದ. "ಏನಾತು?"

ಆಕೆ ಎಲ್ಲವನ್ನೂ ಹೇಳಿದಳು. ಗುರುನಾಥ ಮಿರ್ಚಿಯನ್ನು ಕೈಯಲ್ಲೇ ಹಿಡಿದು ಕೇಳಿದ.

"ಹೋಗಬಾರದೇನು? ಅಲ್ಲಿ ಹೋಗಿ ಒಳಗಿಂದನ ಅದನ್ನ ತಿದ್ದು."

"ಒಬ್ಬಾಕಿ ಹೋಗಿ ಏನ ತಿದ್ದಲಿ? ನನ್ನ ಬುದ್ಧಿ ನನ್ನ ಕೂಡ ಸುಡುಗಾಡಿಗೆ ಹೋಗತೈತಿ. ಆ ಹುಡುಗಿ ಇವತ್ತ 'ಅರವತ್ತು' ಅಂದ್ಲು ನೋಡ್ರಿ. ಎಷ್ಟ ವರ್ಷಾಗಿತ್ತು, ಯಾರೂ ನನ್ನ ಎದುರಿಗೆ ಸ್ವಂತದ್ದೊಂದು ಅಂಕಿ ಹೇಳಿ!"

"ಮಾನ್ಯತೆ ಹ್ವಾದ್ರ ಆಕಿನೂ ಹೋಗ್ತಾಳಲ್ಲ?"

ರುಕ್ಸಾನಾಳನ್ನು ಉಳಿಸಿಕೊಳ್ಳಬೇಕೆಂದರೆ ರುಕ್ಸಾನಾ ಹೇಳಿದ್ದನ್ನು ಸುಳ್ಳೆಂದು ಸಹಿ ಮಾಡಬೇಕು. ಅದು ನಿಜವೆಂದು ಸಹಿ ಮಾಡಿದರೆ ಅವಳಿಗೆ ಕಲಿಸುವ ಅಧಿಕಾರವೇ ಹೋಗುತ್ತದೆ. ಆಕೆ ಗಂಡನ ಕೈಯಿಂದ ಮಿರ್ಚಿ ಕಸಿದು ಕಚ್ಚಿದಳು. ಚಾಪೆಗೆ ಅದು ತಿಳಿಯಲಿಲ್ಲ.

*

ಶಿವಗಂಗವ್ವನ ಜ್ವರ ಒಂದೂ ಚುಚ್ಚುಮದ್ದಿಲ್ಲದೆ ಇಳಿಯಿತು. ರಕ್ತಪರೀಕ್ಷೆ ಬೂಷ್ಟಿನತ್ತ ಬೆರಳು ಮಾಡಿತು, ಸ್ಕ್ಯಾನ್ ಅದನ್ನು ಅನುಮೋದಿಸಿತು. ಹಾಸಿಗೆ ಮಾತ್ರ "ನ್ಯುಮೋನಿಯಾ, ಚೇತರಿಕೆ" ಎಂದಿತು. ಶಾಂಭವಿಗೆ ಸಿಟ್ಟಿಗಿಂತ ಕುತೂಹಲ ಹೆಚ್ಚಾಯಿತು. ಆಕೆ ನೆಲಮಾಳಿಗೆಯ ನಿಯಂತ್ರಣ ಕೊಠಡಿಗೆ ಇಳಿದು ಹೋದಳು.

ಅಲ್ಲಿ ಎಂಜಿನಿಯರ್ ಮಾರುತಿ ಕಲಘಟಗಿ ಗೋಡೆ ತುಂಬ ಹಸಿರು ದೀಪಗಳನ್ನು ಬೆಳಗಿಸಿಕೊಂಡು, ಹೊಸ ಮನೆಯ ಯಜಮಾನನಂತೆ ಕುಳಿತಿದ್ದ.

"ಬರ್ರಿ ಮೇಡಂ! ಒಂದೊಂದ ಹಸಿರೂ ಒಂದೊಂದ ಒಪ್ಪಿಗಿ. ಒಪ್ಪಿಗಿ ಹೆಚ್ಚಾದಂಗ ಖಚಿತತೆ ಹೆಚ್ಚಾಗತೇತಿ. ಕೆಂಪ ದೀಪಾ ಎಲ್ಲಾ ನಿಮ್ಮ ವಾರ್ಡಿನಾವು." ಅವನು ಸಂಕೋಚದಿಂದ ನಕ್ಕ.

"ತಾ ಹೇಳಿದ್ದು ಖರೆ ಆತು ಅಂತ ಅದಕ್ಕ ಹ್ಯಾಂಗ ಗೊತ್ತಾಗತೇತಿ, ಮಾರುತಿ?"

"ರೋಗಿ ಮನೀಗೆ ಹೋಗೂ ಮುಂದ ನೀವು ಅಂತಿಮ ರೋಗನಿರ್ಣಯಕ್ಕ ಸಹಿ ಮಾಡ್ತೀರಲ್ರಿ. ಅದನ್ನ ಓದಿ ಕಲೀತೇತಿ. ನಿಮ್ಮ ಸಹಿನ ಅದರ ಪಾಠ."

"ನಾವು ಏನ ನೋಡಿ ಸಹಿ ಮಾಡ್ತೀವಿ?"

"ಅದು ಹೇಳಿದ್ದನ್ನ..." ಎಂದವನು ಅಲ್ಲಿಗೇ ನಿಂತ.

ಗೋಡೆಯ ಹಸಿರು ಮಿನುಗುತ್ತಿತ್ತು. ಮಾರುತಿ ತನ್ನ ಕುರ್ಚಿಯನ್ನು ನಿಧಾನವಾಗಿ ಗೋಡೆಯ ಕಡೆಗೆ ತಿರುಗಿಸಿದ. ಬುದ್ಧಿವಂತ ಹುಡುಗ, ಆಕೆ ಏನನ್ನೂ ಸೇರಿಸಬೇಕಾಗಲಿಲ್ಲ. ಮೊದಮೊದಲು ಸಾವಿರಾರು ವೈದ್ಯರ ಸ್ವಂತ ಬುದ್ಧಿಯನ್ನು ಉಂಡು ಬೆಳೆದ ಯಂತ್ರ, ಅವರೆಲ್ಲ ಬಾಯಿ ಮುಚ್ಚಿದ ಮೇಲೆ ವರ್ಷಗಳಿಂದ ತನ್ನ ದನಿಯ ಪ್ರತಿಧ್ವನಿಯನ್ನೇ ಉಣ್ಣುತ್ತಿತ್ತು. ಹಳೆಯ ರೋಗಗಳನ್ನು ಅದು ಇಂದಿಗೂ ಚೆನ್ನಾಗಿ ಬಲ್ಲದು. ಹೊಸತೊಂದು ಬಂದರೆ ಹಳೆಯ ಹೆಸರಿನಿಂದ ಕರೆಯುತ್ತದೆ, ವೈದ್ಯರು ಹೌದೆನ್ನುತ್ತಾರೆ, ಮುಂದಿನ ಸಲ ಅದು ಇನ್ನೂ ಗಟ್ಟಿಯಾಗಿ ಕರೆಯುತ್ತದೆ.

"ಶೀತಲಗೃಹದಿಂದ ಬಂದ ಹೆಣ್ಣಮಕ್ಕಳನ್ನ ತಗಿ," ಎಂದಳು ಶಾಂಭವಿ.

ಹೆಸರುಗಳು ಪರದೆಯ ಮೇಲೆ ಏರತೊಡಗಿ, ನಿಲ್ಲದೆ ಏರಿದವು. ಎಲ್ಲವೂ ನ್ಯುಮೋನಿಯಾ, ಎಲ್ಲವೂ ಮರುಕಳಿಕೆ, ಎಲ್ಲವೂ ಹಸಿರು. ಆಸ್ಪತ್ರೆಗೆ ಬಂದು ಧೂಳಿನಿಂದ ದೂರವಾದುದರಿಂದ ಗುಣವಾದವರು ಅವರು. ಚುಚ್ಚುಮದ್ದಿನಿಂದ ಗುಣವಾಯಿತೆಂದು ಯಂತ್ರ ನಂಬಿತ್ತು. ಗುಣವಾದುದನ್ನೇ ತನ್ನ ಮಾತಿಗೆ ಸಾಕ್ಷಿಯಾಗಿ ಇಟ್ಟುಕೊಂಡಿತ್ತು. ಮತ್ತೆ ಅದೇ ಕೆಲಸಕ್ಕೆ ಮರಳಿ, ಶ್ವಾಸಕೋಶ ಒಣಗಿದ ಚಕ್ಕಳದಂತಾಗಿ ತೀರಿಕೊಂಡವರ ಹೆಸರುಗಳೂ ಅದರಲ್ಲಿದ್ದವು. ಅವೂ ಹಸಿರಾಗಿಯೇ ಹೊಳೆಯುತ್ತಿದ್ದವು.

ಮಾರುತಿ ಪರದೆಯಿಂದ ಆಕೆಯ ಕಡೆಗೆ ತಿರುಗಿದ. "ಕೆಂಪ ದೀಪಾ ಆರಸಬ್ಯಾಡ್ರಿ ಮೇಡಂ. ಇದಕ್ಕ ಹೊರಗಿಂದ ಬರೋ ಮಾತು ಅಂದ್ರ ಅದೊಂದ."

*

ಸಭೆ ಮರುದಿನ ಡೀನ್ ಕೊಠಡಿಯಲ್ಲಿ ನಡೆಯಿತು. ಪರದೆಯ ಮೇಲೆ ರಾಜಧಾನಿಯ ಅಧಿಕಾರಿಯೊಬ್ಬ, ಮೇಜಿನ ಈಚೆ ಕಟ್ಟಿ, ಆಚೆ ಶಾಂಭವಿ. ಆಕೆ ನೆಲಮಾಳಿಗೆಯಲ್ಲಿ ಕಂಡದ್ದನ್ನೆಲ್ಲ ಅವರ ಮುಂದೆ ಇಟ್ಟಳು. ಅಧಿಕಾರಿ ಎಲ್ಲವನ್ನೂ ಕೇಳಿ, ಪರಿಶೀಲನೆಗೆ ಸಮಿತಿಯೊಂದನ್ನು ರಚಿಸಬಹುದು, ಸಮಿತಿಯ ವರದಿ ಬರುವವರೆಗೆ ಈಗಿನ ನಿಯಮಗಳೇ ಜಾರಿಯಲ್ಲಿರುತ್ತವೆ ಎಂದ. ಮೇಜಿನ ಮೇಲಿನ ಗಾಜಿನಲ್ಲಿ ಶಿವಗಂಗವ್ವನ ಬಿಡುಗಡೆಯ ಪತ್ರ ತೆರೆದುಕೊಂಡಿತು. ನ್ಯುಮೋನಿಯಾ. ಕೆಳಗೆ ಎರಡು ಚೌಕ: ಒಪ್ಪಿದೆ, ಒಪ್ಪಿಲ್ಲ.

"ಒಂದ ಬೆರಳಿನ ಕೆಲಸ," ಕಟ್ಟಿಯ ದನಿಯಲ್ಲಿ ಬೇಡಿಕೆಯಿತ್ತು. "ಈ ಒಂದಕ್ಕ ಒಪ್ರಿ. ಆಕಿಗೆ ಬಾಯಿಮಾತಿನೊಳಗ ಹೇಳಿ ಕಳಸ್ರಿ, ಆ ಕೆಲಸಕ್ಕ ಹೋಗಬ್ಯಾಡ ಅಂತ. ಯೂನಿಟ್ಟೂ ಉಳೀತದ, ಹುಡುಗರೂ ಉಳೀತಾರ."

"ಬಾಯಿಮಾತಿಗೆ ಮಾಲೀಕ ಬ್ಯಾರೆ ಕೆಲಸಾ ಕೊಡ್ತಾನೇನ್ರಿ? ಕಾಗದದಾಗ ಇರಬೇಕು, ಅಂದ್ರ ಆಕಿಗೆ ಕೇಳಾಕ ಬರತೈತಿ. ಆಕಿ ಹಿಂದ ಬರೋರಿಗೂ ಕೇಳಾಕ ಬರತೈತಿ."

"ಶಾಂಭವಿ, ಹಟಾ ಮಾಡಬ್ಯಾಡ್ರಿ. ನಾವೂ ಒಂದ ಕಾಲಕ್ಕ ಹಿಂಗ ಇದ್ದವರು."

"ಗೊತ್ತೈತಿ. ನಿಮ್ಮ ಬೆರಳ ಹೊಟ್ಟಿ ಮ್ಯಾಲೆ ಬಿತ್ತು ಅಂದ್ರ ಗುಲ್ಮ ತಾನ ಎದ್ದ ಬಂದು ನಮಸ್ಕಾರ ಮಾಡ್ತಿತ್ತು. ಅದನ್ನ ಯಾರಿಗೆ ಕಲಸಿದ್ರಿ ಕಟ್ಟಿಯವರ? ಒಬ್ಬರ ಹೆಸರ ಹೇಳ್ರಿ."

ಕಟ್ಟಿ ಗಾಜಿನ ಮೇಲಿದ್ದ ಬೆರಳನ್ನು ಹಿಂದಕ್ಕೆ ಎಳೆದುಕೊಂಡ. ಪರದೆಯ ಅಧಿಕಾರಿ ಕೈಗಡಿಯಾರ ನೋಡಿಕೊಂಡ.

ಶಾಂಭವಿಯ ಕಣ್ಣ ಮುಂದೆ ರುಕ್ಸಾನಾಳ ಬಿಳುಪೇರಿದ ಮುಖ ಬಂದು ನಿಂತಿತು. ಒಪ್ಪಿದೆ ಎಂದು ಒತ್ತಿ ಆ ಹುಡುಗಿಯನ್ನು ಉಳಿಸಿಕೊಂಡರೆ, ಮರುದಿನ ಅವಳಿಗೆ ಕಲಿಸಲು ತನ್ನಲ್ಲಿ ಏನು ಉಳಿದಿರುತ್ತದೆ? ಕಲಿಸಬೇಕಾದ ಪಾಠ ಈ ಗಾಜಿನ ಮೇಲೆಯೇ ಇತ್ತು. ಆಕೆ ಬೆರಳು ಇಟ್ಟಳು. ಒಪ್ಪಿಲ್ಲ. ಕೆಳಗೆ ಶಿವಗಂಗವ್ವನ ರೋಗದ ನಿಜವಾದ ಹೆಸರನ್ನು ಬರೆದು, ನಿರ್ಣಯಿಸಿದವರು ಎಂಬಲ್ಲಿ ತನ್ನದನ್ನು ಬಿಟ್ಟು ರುಕ್ಸಾನಾ ಸವಣೂರಳ ಹೆಸರು ಬರೆದಳು.

ಮೂರನೇ ಯೂನಿಟ್ಟಿನ ಮಾನ್ಯತೆ ಆ ಕ್ಷಣವೇ ರದ್ದಾಯಿತು.

*

ಆದೇಶಗಳು ಒಂದರ ಹಿಂದೊಂದು ಬಂದವು. ವಿದ್ಯಾರ್ಥಿಗಳನ್ನು ಬೇರೆ ಯೂನಿಟ್ಟುಗಳಿಗೆ ಹಂಚಲಾಯಿತು. ಚಂದ್ರನ ಗುಂಡಿಗಳನ್ನು ಕಿತ್ತು ಆ ತೂತುಗಳಿಗೆ ಮೇಣ ತುಂಬಿದರು. ಯಾವ ಹಲಗೆಯನ್ನೂ ಮುಚ್ಚಕೂಡದು, ಯಾವ ಹಾಸಿಗೆಯ ಮಾತನ್ನೂ ತಡೆಯಕೂಡದು ಎಂದು ವಾರ್ಡಿನ ಬಾಗಿಲಿಗೆ ಫಲಕ ಬಿತ್ತು. ಶಾಂಭವಿಗೆ ರೋಗಿಗಳನ್ನು ಬಿಟ್ಟರು, ಶಿಷ್ಯರನ್ನು ಕಸಿದುಕೊಂಡರು.

ಮರುದಿನ ಬೆಳಿಗ್ಗೆ ಆಕೆ ಒಬ್ಬಳೇ ವಾರ್ಡಿಗೆ ಬಂದಳು. ಹೆಜ್ಜೆಯ ಸಪ್ಪಳಕ್ಕೆ ಹಾಸಿಗೆಗಳೆಲ್ಲ ಒಟ್ಟಿಗೆ ಬಾಯಿ ತೆರೆದವು. ಆಕೆ ಬಾಗಿಲ ಫಲಕವನ್ನು ಪೂರ್ತಿಯಾಗಿ, ಪರೀಕ್ಷೆಯ ಪ್ರಶ್ನೆಪತ್ರಿಕೆಯಂತೆ ಓದಿದಳು. ಹಾಸಿಗೆಯ ಬಗ್ಗೆ ಅದರಲ್ಲಿ ಎಲ್ಲವೂ ಇತ್ತು. ರೋಗಿಯ ಬಗ್ಗೆ ಒಂದಕ್ಷರವೂ ಇರಲಿಲ್ಲ.

"ಯಾರಿಗೆ ಎದ್ದ ಅಡ್ಡಾಡಾಕ ಬರತೇತಿ, ಅವರೆಲ್ಲ ನನ್ನ ಕೂಡ ಬರ್ರಿ," ಎಂದಳು ಗಟ್ಟಿಯಾಗಿ. "ಪಡಸಾಲ್ಯಾಗ ಬಿಸಲ ಬಿದ್ದೇತಿ, ಕೂಡೋಣ."

ಶಿವಗಂಗವ್ವ ಎಲ್ಲರಿಗಿಂತ ಮೊದಲು ಕಾಲು ಕೆಳಗಿಟ್ಟಳು. ಅವಳು ಮನೆಗೆ ಹೊರಟವಳು, ಸೆರಗಿನಡಿ ಬಿಡುಗಡೆಯ ಪತ್ರವಿತ್ತು. "ನಾ ಬಂದೆರಿ ಬಾಯಾರ. ಈ ಹಾಸಿಗಿ ನಮ್ಮ ಅತ್ತಿ ಇದ್ದಂಗ, ಒಂದ ಮಾತು ಹಿಡದ್ರ ಬಿಡಾಂಗಿಲ್ಲ."

ಒಬ್ಬೊಬ್ಬರಾಗಿ ಎದ್ದರು. ಗೋಡೆ ಹಿಡಿದು, ಸಲೈನ್ ಕಂಬ ತಳ್ಳಿಕೊಂಡು, ಮಗನ ಹೆಗಲಿಗೆ ಕೈಹಾಕಿ ಹೊರಬಂದು ಪಡಸಾಲೆಯ ಕಲ್ಲುಬೆಂಚುಗಳ ಮೇಲೆ ಕುಳಿತರು. ಒಳಗೆ ಬರಿದಾದ ಹಾಸಿಗೆಗಳು ಒಂದೆರಡು ಸಲ "ರೋಗಿ ಲಭ್ಯವಿಲ್ಲ" ಎಂದು ಸುಮ್ಮನಾದವು.

ಆಗ ಮೆಟ್ಟಿಲ ಕಡೆಯಿಂದ ರುಕ್ಸಾನಾ ಬಂದಳು, ಹಿಂದೆ ಚಿದಂಬರ. ಅವನ ಹಿಂದೆ ಶಾಂಭವಿಗೆ ಹೆಸರೂ ತಿಳಿಯದ ಮೂವರು, ಒಂದನೇ ಯೂನಿಟ್ಟಿನವರು.

"ಇಲ್ಲಿ ನಿಂತ್ರ ನಿಮಗ ಹಾಜರಿ ಸಿಗೂದಿಲ್ಲ," ಎಂದಳು ಶಾಂಭವಿ.

"ನಮ್ಮ ಹಾಜರಿ ಹತ್ತಕ್ಕ ಸುರು ಆಗತೇತ್ರಿ ಮೇಡಂ," ಎಂದಳು ರುಕ್ಸಾನಾ. "ಈಗ ಇನ್ನೂ ಎಂಟು."

ಶಾಂಭವಿ ಬೆಂಚಿನ ಕೊನೆಯಲ್ಲಿ ಕುಳಿತಿದ್ದ ಮುದುಕನ ಕಡೆಗೆ ತಿರುಗಿದಳು. ಅವನ ಕಣ್ಣು ತುಸು ಹಳದಿಯಾಗಿತ್ತು, ಎಡಗೈ ಪಕ್ಕೆಯ ಮೇಲಿತ್ತು. ಆಕೆ ಹೊಸ ಮೂವರಲ್ಲಿ ತೀರ ಕಿರಿಯಳಾಗಿ ಕಂಡ ಹುಡುಗಿಯನ್ನು ಕರೆದಳು. ಅವಳು ಅಭ್ಯಾಸಬಲದಿಂದ ಮುದುಕನ ತಲೆಯ ಹಿಂದೆ ಹಲಗೆಗಾಗಿ ಹುಡುಕಿದಳು. ಅಲ್ಲಿ ಗೋಡೆಯಿತ್ತು, ಗೋಡೆಯ ಮೇಲೆ ಬಿಸಿಲಿತ್ತು.

"ನಿನ್ನ ಹೆಸರೇನು ಆಮ್ಯಾಲೆ ಹೇಳು. ಅಜ್ಜಾಗ ಏನಾಗೇತಿ, ಅದನ್ನ ಮೊದಲ ಹೇಳು."

ಹುಡುಗಿ ಗೋಡೆಯಿಂದ ಮುದುಕನ ಕಡೆಗೆ ತಿರುಗಿದಳು. "ಗೊತ್ತಿಲ್ರಿ ಮೇಡಂ."

ಈ ಆಸ್ಪತ್ರೆಯಲ್ಲಿ ಎಷ್ಟೋ ವರ್ಷಗಳಿಂದ ಯಾರೂ, ಯಾವ ಹಾಸಿಗೆಯೂ, ಆಡದ ಮಾತು ಅದು. ಶಾಂಭವಿ ಪಕ್ಕಕ್ಕೆ ಸರಿದು ಅವಳಿಗೆ ಮುದುಕನ ಬಳಿ ಜಾಗ ಮಾಡಿಕೊಟ್ಟಳು.

"ಛಲೋ ಆತು," ಎಂದಳು. "ಕೈ ಬೆಚ್ಚಗ ಮಾಡಕೋ, ಹೊಟ್ಟಿ ಮುಟ್ಟಿ ನೋಡು."